ಹೊಳಪು ಕೊಟ್ಟರೆ ಹೋಯಿತು

ಹಳೆಯ ಜರ್ಮನ್ ಸೇನಾ ಬಂದೂಕುಗಳನ್ನು ಸಂಗ್ರಹಿಸುವ ಹವ್ಯಾಸಿಗಳು ತುಕ್ಕಿಗಿಂತ ಉಪ್ಪುಕಾಗದಕ್ಕೇ ಹೆಚ್ಚು ಹೆದರುತ್ತಾರೆ. 1898ರಲ್ಲಿ ಜರ್ಮನ್ ಸೈನ್ಯ ಅಂಗೀಕರಿಸಿದ, ಐದು ತೋಟಾ ಹಿಡಿಯುವ ಮೌಸರ್ ಬಂದೂಕನ್ನೇ ನೋಡೋಣ. ಅದರ ನಳಿಕೆಯ ಮೇಲಿನ ಸಂಖ್ಯೆಯ ಕೊನೆಯ ಎರಡಂಕಿಗಳನ್ನು ತಿರುಪುಮೊಳೆಗಳ ಮೇಲೂ ಒತ್ತಿದ್ದಾರೆ! ಅವೆಲ್ಲ ತಾಳೆಯಾದರೆ ಭಾಗಗಳು ಬದಲಾಗಿಲ್ಲವೆಂದು ಬಹುಮಟ್ಟಿಗೆ ನಂಬಬಹುದು. ಬಹುಮಟ್ಟಿಗೆ ಎಂದೆವು, ಏಕೆಂದರೆ ಹೊಸದಾಗಿ ಅಂಕಿ ಒತ್ತುವ ಜಾಣರೂ ಉಂಟು. 1919ರ ವರ್ಸೇಲ್ಸ್ ಒಪ್ಪಂದದ ತರುವಾಯ ಇಂಥ ಬಂದೂಕುಗಳು ರಾಶಿರಾಶಿಯಾಗಿ ನಾಶವಾದವು. ಉಳಿದವುಗಳಲ್ಲಿ ಎಷ್ಟೋ ದುರಸ್ತಿಯಲ್ಲಿ ಬೆರಕೆಯಾದವು.

ಮರದ ಹಿಡಿಯಲ್ಲಿ ತಪಾಸಣೆಗಾರನ ಪುಟ್ಟ ಕಿರೀಟಮುದ್ರೆ ಇರುತ್ತದೆ. ಹುಣಸೆಹಣ್ಣು ಹಚ್ಚಿ ಚೊಂಬು ಬೆಳಗುವ ಉತ್ಸಾಹದಲ್ಲಿ ಅದನ್ನು ಉಜ್ಜಿದರೆ ಮುದ್ರೆಯೂ ಹೋಯಿತು, ಬೆಲೆಯೂ ಹೋಯಿತು. ಉಕ್ಕಿಗೆ ತೆಳುವಾಗಿ ಎಣ್ಣೆ ಸವರಿ, ಮರದ ಗೀರುಗಳನ್ನು ಇದ್ದಂತೆಯೇ ಬಿಡುವುದು ನಮಗೆ ಸರಿಯೆನಿಸುತ್ತದೆ.