ತಂಪು ಕೊಡುವುದು ಯಂತ್ರ, ತಲುಪಿಸುವುದು ಫ್ಯಾನ್

ಮೈಸೂರು: ನಜರ್‌ಬಾದ್‌ನಂತಹ ಬಡಾವಣೆಯ ಹವಾನಿಯಂತ್ರಿತ ಕಚೇರಿಗಳಲ್ಲಿ ಕಾಣಸಿಗುವ ದೃಶ್ಯವೊಂದಿದೆ. ಬೆಳಿಗ್ಗೆ ಪೂರ್ವದ ಕಿಟಕಿಯ ಬಳಿ ಕುಳಿತವರು ಕಡತದಿಂದ ಗಾಳಿ ಬೀಸಿಕೊಳ್ಳುತ್ತಿರುತ್ತಾರೆ. ಅದೇ ಮಹಡಿಯ ಒಳಮೂಲೆಯಲ್ಲಿರುವವರು ಶಾಲು ಹೊದ್ದು ಕುಳಿತಿರುತ್ತಾರೆ. ಮಧ್ಯಾಹ್ನ ಬಿಸಿಲು ಪಶ್ಚಿಮಕ್ಕೆ ಸರಿದಾಗ ದೂರುಗಳೂ ದಿಕ್ಕು ಬದಲಿಸುತ್ತವೆ. ಯಂತ್ರ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಆದರೆ ಅನೇಕ ಸಂದರ್ಭಗಳಲ್ಲಿ ದೋಷವಿರುವುದು ತಂಪು ಮಾಡುವ ಯಂತ್ರದಲ್ಲಲ್ಲ, ಗಾಳಿಯನ್ನು ಹಂಚುವ ಕ್ರಮದಲ್ಲಿ.

ಗಾಳಿಯ ಪಯಣ

ದೊಡ್ಡ ಕಟ್ಟಡಗಳ ಹವಾನಿಯಂತ್ರಣದಲ್ಲಿ ಚಿಲ್ಲರ್ ಎಂಬ ಯಂತ್ರವು ನೀರನ್ನು ತಣಿಸುತ್ತದೆ. ಆ ನೀರು ಪ್ರತಿ ಮಹಡಿಯ ಏರ್ ಹ್ಯಾಂಡ್ಲಿಂಗ್ ಯೂನಿಟ್‌ನೊಳಗಿನ ಕಾಯಿಲ್‌ಗಳಲ್ಲಿ ಹರಿಯುತ್ತದೆ. ಅಲ್ಲಿರುವ ಫ್ಯಾನ್ ಗಾಳಿಯನ್ನು ಕಾಯಿಲ್‌ಗಳ ಮೂಲಕ ಹಾಯಿಸಿ, ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗೆ ತಣಿದ ಗಾಳಿಯನ್ನು ಡಕ್ಟ್‌ಗಳೊಳಗೆ ತಳ್ಳುತ್ತದೆ. ಕೋಣೆಯ ಶಾಖವನ್ನು ಹೀರಿದ ಗಾಳಿ ಮರಳಿ ಬಂದು, ಹೊರಗಿನ ಒಂದಿಷ್ಟು ತಾಜಾ ಗಾಳಿಯೊಡನೆ ಬೆರೆತು, ಮತ್ತೆ ಅದೇ ಪಯಣ ಆರಂಭಿಸುತ್ತದೆ.

ಹಳೆಯ ಪದ್ಧತಿಯಲ್ಲಿ ಈ ಫ್ಯಾನ್ ಸದಾ ಒಂದೇ ವೇಗದಲ್ಲಿ ತಿರುಗುತ್ತದೆ. ಕೋಣೆಯಲ್ಲಿ ಇಬ್ಬರಿರಲಿ, ಇಪ್ಪತ್ತು ಮಂದಿಯಿರಲಿ, ಹರಿಯುವ ಗಾಳಿಯ ಪ್ರಮಾಣ ಬದಲಾಗದು. ಒಂದು ಕೋಣೆಯ ಸೆಖೆಗೆ ತಕ್ಕಂತೆ ತಂಪು ಹೆಚ್ಚಿಸಿದರೆ ಮತ್ತೊಂದು ಕೋಣೆ ಕೊರೆಯುತ್ತದೆ.

ಇದಕ್ಕೆ ಪರಿಹಾರವಾಗಿ ಬಂದದ್ದೇ ಬದಲಾಗುವ ಗಾಳಿ ಪ್ರಮಾಣದ ವ್ಯವಸ್ಥೆ. ತಂತ್ರಜ್ಞರ ಬಾಯಲ್ಲಿ ಇದು 'ವಿಎವಿ'. 1973ರ ತೈಲ ಬಿಕ್ಕಟ್ಟಿನ ನಂತರ ಇಂಧನ ತುಟ್ಟಿಯಾದಾಗ ಪಾಶ್ಚಾತ್ಯ ದೇಶಗಳ ಕಚೇರಿ ಕಟ್ಟಡಗಳಲ್ಲಿ ಇದು ವ್ಯಾಪಕವಾಗಿ ಬಳಕೆಗೆ ಬಂತು. ಇದರಲ್ಲಿ ಪ್ರತಿ ವಿಭಾಗದ ಚಾವಣಿಯ ಮೇಲೆ ಒಂದು ಪೆಟ್ಟಿಗೆ ಇರುತ್ತದೆ. ಅದರೊಳಗೆ ಹರಿವನ್ನು ಅಳೆಯುವ ಸಾಧನವೂ, ಅರೆ ತೆರೆಯಬಲ್ಲ, ಅರೆ ಮುಚ್ಚಬಲ್ಲ ಡ್ಯಾಂಪರ್ ಎಂಬ ತಗಡಿನ ಕದವೂ ಇರುತ್ತವೆ. ಗೋಡೆಯ ಥರ್ಮೋಸ್ಟಾಟ್ ಸೆಖೆ ಎಂದರೆ ಕದ ತೆರೆಯುತ್ತದೆ; ಸಾಕು ಎಂದರೆ ಮುಚ್ಚಿಕೊಳ್ಳುತ್ತದೆ.

ಘನದ ಗಣಿತ

ಕದಗಳು ಒಂದೊಂದಾಗಿ ಮುಚ್ಚತೊಡಗಿದಾಗ ಡಕ್ಟ್‌ನೊಳಗೆ ಒತ್ತಡ ಏರುತ್ತದೆ. ಅದನ್ನು ಗ್ರಹಿಸುವ ಸಾಧನವು ಫ್ಯಾನ್‌ಗೆ ವೇಗ ತಗ್ಗಿಸುವಂತೆ ಸೂಚಿಸುತ್ತದೆ. ಮೋಟಾರಿಗೆ ಹೋಗುವ ವಿದ್ಯುತ್ತಿನ ಆವರ್ತನವನ್ನು ಬದಲಿಸಿ ವೇಗವನ್ನು ನಿಯಂತ್ರಿಸುವ ಉಪಕರಣವೇ ವಿಎಫ್‌ಡಿ. ಉಳಿತಾಯದ ಗುಟ್ಟು ಅಡಗಿರುವುದು ಇಲ್ಲಿಯೇ.

ಫ್ಯಾನ್ ತಳ್ಳುವ ಗಾಳಿಯ ಪ್ರಮಾಣ ಅದರ ವೇಗಕ್ಕೆ ಅನುಗುಣವಾಗಿರುತ್ತದೆ. ಒತ್ತಡವು ವೇಗದ ವರ್ಗಕ್ಕೆ, ಬೇಕಾಗುವ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ಪೂರ್ಣ ವೇಗದಲ್ಲಿ 10 ಕಿಲೋವ್ಯಾಟ್ ಬೇಡುವ ಫ್ಯಾನ್‌ಗೆ ಶೇ. 80ರ ವೇಗದಲ್ಲಿ 5.1 ಕಿಲೋವ್ಯಾಟ್ ಸಾಕು. ವೇಗ ಅರ್ಧಕ್ಕಿಳಿದರೆ ಬೇಕಾಗುವುದು 1.25 ಕಿಲೋವ್ಯಾಟ್ ಮಾತ್ರ.

ವಾಸ್ತವದಲ್ಲಿ ಉಳಿತಾಯ ಇಷ್ಟಾಗುವುದಿಲ್ಲ. ಡಕ್ಟ್‌ನ ತುದಿಯ ಕೋಣೆಗೂ ಗಾಳಿ ತಲುಪಲು ಕನಿಷ್ಠ ಒತ್ತಡ ಉಳಿಸಿಕೊಳ್ಳಬೇಕು. ಮೋಟಾರು ಮತ್ತು ವಿಎಫ್‌ಡಿಗಳಲ್ಲೂ ನಷ್ಟವಿದೆ. ಆದರೂ ದಿಕ್ಕು ಸ್ಪಷ್ಟ. ಫ್ಯಾನ್‌ನ ವೇಗ ತಗ್ಗಿಸದೆ ಕದಗಳನ್ನಷ್ಟೇ ಮುಚ್ಚಿದರೆ ಅದು ಆಕ್ಸಿಲರೇಟರ್ ಒತ್ತಿಕೊಂಡೇ ಬ್ರೇಕ್ ಹಾಕಿ ಸ್ಕೂಟರ್ ಓಡಿಸಿದಂತೆ.

ಮೈಸೂರಿನ ಲೆಕ್ಕ

ಏಪ್ರಿಲ್ ಆಸುಪಾಸಿನಲ್ಲಿ ಮೈಸೂರಿನ ಹಗಲಿನ ತಾಪಮಾನ 35 ಡಿಗ್ರಿಯ ಸನಿಹಕ್ಕೆ ಏರುತ್ತದೆ. ಮಳೆಗಾಲ ಮತ್ತು ಚಳಿಗಾಲದ ಬಹುಪಾಲು ದಿನಗಳು ಹಿತವಾಗಿರುತ್ತವೆ. ಆದರೆ ಯಂತ್ರಗಳನ್ನು ಆಯ್ಕೆ ಮಾಡುವುದು ಆ ಕಡು ಬೇಸಿಗೆಯ ಮಧ್ಯಾಹ್ನಕ್ಕಾಗಿ. ಅಂದರೆ ವರ್ಷದ ಹೆಚ್ಚಿನ ಗಂಟೆಗಳಲ್ಲಿ ಪೂರ್ಣ ಗಾಳಿ ಬೇಕಾಗುವುದೇ ಇಲ್ಲ. ಇಂತಹ ಊರಿನಲ್ಲಿ ವೇಗ ಬದಲಿಸಬಲ್ಲ ಫ್ಯಾನ್‌ನ ಪ್ರಯೋಜನ ಹೆಚ್ಚು.

ಮತ್ತೊಂದು ಸಂಗತಿ ಬಹುಮಂದಿಯ ಗಮನಕ್ಕೆ ಬಾರದು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಶೇ. 8ರಿಂದ 9ರಷ್ಟು ತೆಳು. ಅಷ್ಟೇ ಶಾಖವನ್ನು ಹೊತ್ತೊಯ್ಯಲು ಇಲ್ಲಿ ಹೆಚ್ಚು ಗಾತ್ರದ ಗಾಳಿ ಬೇಕು. ಮಂಗಳೂರಿಗೆ ಹೊಂದುವ ಫ್ಯಾನ್‌ನ ಲೆಕ್ಕವನ್ನು ತಿದ್ದದೆ ಮೈಸೂರಿಗೆ ಅನ್ವಯಿಸಿದರೆ ಗಾಳಿ ಸಾಲದೇ ಹೋಗಬಹುದು.

ಉಸಿರಿನ ಪ್ರಶ್ನೆ

ವಿಎವಿ ವ್ಯವಸ್ಥೆಯ ನಿಜವಾದ ಅಪಾಯ ಬೇರೆಡೆ ಇದೆ. ಹೊರಗಿನ ತಾಜಾ ಗಾಳಿ ಕೋಣೆಗೆ ಬರುವುದೂ ಅದೇ ಪೆಟ್ಟಿಗೆಯ ಮೂಲಕವೇ. ಬಿಸಿಲು ಬೀಳದ ಒಳಕೋಣೆಯಲ್ಲಿ ಹತ್ತು ಮಂದಿ ಸಭೆ ಸೇರಿದ್ದಾರೆ ಎನ್ನಿ. ತಾಪಮಾನ ಸರಿಯಿದೆ ಎಂದು ಥರ್ಮೋಸ್ಟಾಟ್ ಕದ ಮುಚ್ಚಿಸಿದರೆ ತಾಜಾ ಗಾಳಿಯೂ ನಿಲ್ಲುತ್ತದೆ. ಕೋಣೆ ತಂಪಾಗಿಯೇ ಇರುತ್ತದೆ. ಆದರೆ ಇಂಗಾಲದ ಡೈಆಕ್ಸೈಡ್ ಏರಿ ತೂಕಡಿಕೆ, ತಲೆನೋವು ಆರಂಭವಾಗಬಹುದು. 2019ರ ಕೊನೆಯಲ್ಲಿ ಕಾಣಿಸಿಕೊಂಡ ಕೋವಿಡ್ ಪಿಡುಗು, ಗಾಳಿ ಬದಲಾಗದ ಮುಚ್ಚಿದ ಕೋಣೆ ಸೋಂಕು ಹರಡಲು ಹೇಗೆ ನೆರವಾಗುತ್ತದೆ ಎಂಬುದನ್ನೂ ತೋರಿಸಿಕೊಟ್ಟಿತು.

ಆದ್ದರಿಂದ ಜನರಿರುವಾಗ ಡ್ಯಾಂಪರ್ ಒಂದು ಮಟ್ಟಕ್ಕಿಂತ ಕೆಳಗೆ ಮುಚ್ಚದಂತೆ ಕನಿಷ್ಠ ಮಿತಿಯನ್ನು ನಿಗದಿ ಮಾಡಬೇಕು. ಸಭಾಂಗಣಗಳಲ್ಲಿ ಇಂಗಾಲದ ಡೈಆಕ್ಸೈಡ್ ಅಳೆಯುವ ಸಾಧನ ಅಳವಡಿಸುವುದು ಲೇಸು. ಬಿಲ್ ತಗ್ಗಿಸುವ ಆತುರದಲ್ಲಿ ಈ ಮಿತಿಯನ್ನು ಸಡಿಲಿಸಿದರೆ, ಉಳಿದ ಹಣದ ಬೆಲೆಯನ್ನು ಒಳಗೆ ಕುಳಿತವರು ತೆರಬೇಕಾಗುತ್ತದೆ.

ನೀರಿನೊಡನೆ ಸ್ಪರ್ಧೆ

ಹಾಗೆಂದು ವಿಎವಿಯೇ ಕೊನೆಯ ಮಾತಲ್ಲ. ಮೈಸೂರಿನ ಹೆಬ್ಬಾಳದಲ್ಲಿ ಬೃಹತ್ ತರಬೇತಿ ಕೇಂದ್ರ ಹೊಂದಿರುವ ಇನ್ಫೊಸಿಸ್ ಸಂಸ್ಥೆ, ಹೈದರಾಬಾದಿನ ತನ್ನ ಆವರಣದ ಕಟ್ಟಡವೊಂದರಲ್ಲಿ ಅಪರೂಪದ ಹೋಲಿಕೆ ನಡೆಸಿತು. 2011ರಲ್ಲಿ ಬಳಕೆಗೆ ಬಂದ ಆ ಕಟ್ಟಡದ ಅರ್ಧ ಭಾಗಕ್ಕೆ ಉತ್ತಮ ದರ್ಜೆಯ ವಿಎವಿ, ಇನ್ನರ್ಧಕ್ಕೆ ಕಾಂಕ್ರೀಟ್ ಚಪ್ಪಡಿಯೊಳಗೆ ತಣ್ಣೀರು ಹರಿಸುವ ವ್ಯವಸ್ಥೆ. ತಣ್ಣೀರಿನ ಭಾಗದ ಹವಾನಿಯಂತ್ರಣಕ್ಕೆ ಸುಮಾರು ಶೇ. 34ರಷ್ಟು ಕಡಿಮೆ ವಿದ್ಯುತ್ ಸಾಕಾಯಿತು. ಸಮಾನ ಗಾತ್ರದ ಗಾಳಿಗಿಂತ ನೀರು ಮೂರು ಸಾವಿರ ಪಟ್ಟಿಗೂ ಹೆಚ್ಚು ಶಾಖವನ್ನು ಹೊರಬಲ್ಲುದು. ಶಾಖವನ್ನು ನೀರೇ ಹೊತ್ತೊಯ್ದರೆ ಫ್ಯಾನ್‌ನ ಪಾಲಿಗೆ ಮುಖ್ಯವಾಗಿ ಉಳಿಯುವುದು ಉಸಿರಾಟದ ಗಾಳಿ ಮತ್ತು ತೇವಾಂಶದ ನಿಯಂತ್ರಣ.

ಇರುವ ಕಟ್ಟಡದ ಚಪ್ಪಡಿಯನ್ನು ಒಡೆದು ನೀರಿನ ಕೊಳವೆ ಹೂಳಲಾಗದು. ಆದರೆ ಕಟ್ಟಡದ ಮಾಲೀಕರು, ಬಾಡಿಗೆದಾರರು ಮೂರು ಪ್ರಶ್ನೆಗಳನ್ನು ಕೇಳಬಹುದು. ರಜೆಯ ಹಿಂದಿನ ಸಂಜೆ ಅರ್ಧ ಕಚೇರಿ ಖಾಲಿಯಾದಾಗ ಫ್ಯಾನ್‌ನ ವೇಗ ಇಳಿಯುತ್ತದೆಯೆ? ಗಾಳಿ ಶೋಧಕಗಳು ಧೂಳು ಕಟ್ಟಿ ಫ್ಯಾನ್‌ನ ಶ್ರಮ ಹೆಚ್ಚಿಸುತ್ತಿವೆಯೆ? ಹೊರಗಿನ ಗಾಳಿಯ ಕಿಂಡಿ ತೆರೆದಿದೆಯೆ? ಉತ್ತರಗಳು ಸಮಾಧಾನಕರವಾಗಿದ್ದರೆ ಶಾಲು, ಕಡತದ ಬೀಸಣಿಗೆ ಎರಡಕ್ಕೂ ಕೆಲಸವಿರದು.