ಸೀರೆಗೆ ಸೈಜಿರಲಿಲ್ಲ

ಬಾಗಲಕೋಟೆಯ ನವನಗರ ಗೆರೆ ಹೊಡೆದು ಕಟ್ಟಿದ ಊರು. ಆಲಮಟ್ಟಿಯ ಹಿನ್ನೀರು ಹಳೆಯ ಪೇಟೆಯ ಒಂದು ಭಾಗವನ್ನು ನುಂಗಿದಾಗ ಜನ ಗುಡ್ಡದ ಬದಿಗೆ ಬಂದು ಸೆಕ್ಟರ್ ನಂಬರಿನ ಮನೆಗಳಲ್ಲಿ ಕೂತರು. ಈ ಸೆಕ್ಟರುಗಳ ನಡುವೆ ಒಂದು ದರ್ಜಿ ಅಂಗಡಿ. ಗೋಡೆಗೆ ಖಾಕಿ ಅಂಗಿ, ಮೊಳೆಗೆ ಬೆಲ್ಟು, ಗಾಜಿನ ಡಬ್ಬದಲ್ಲಿ ಹೆಸರಿನ ಪಟ್ಟಿ. ಹೆಣ್ಣುಮಕ್ಕಳ ಪ್ಯಾಂಟುಗಳನ್ನೇ ಬೇರೆ ಹಗ್ಗಕ್ಕೆ ತೂಗುಹಾಕಿದ್ದರು. ಹತ್ತು ವರ್ಷದ ಹಿಂದೆ ಈ ಹಗ್ಗ ಇರಲಿಲ್ಲವಂತೆ.

“ಅಂಗಿ ಪ್ಯಾಂಟಿನ ಚಿಂತಿ ಇಲ್ರಿ ಅಕ್ಕಾರ,” ಅಂದರು ದರ್ಜಿ, ಕೊರಳಲ್ಲಿದ್ದ ಟೇಪು ಸರಿಮಾಡಿಕೊಳ್ಳುತ್ತ. “ಅದನ್ನ ನಾವು ಮೈಮ್ಯಾಲೆ ಅಳತಿ ಹಿಡದು ಹೊಲಿತೀವ್ರಿ. ಸೊಂಟ ಬ್ಯಾರೆ, ಸೀಟು ಬ್ಯಾರೆ, ಎಲ್ಲಾ ಬರಕೊಂಡ ಕತ್ರಿ ಹಚ್ಚತೀವಿ. ಇಲಾಖೆ ಸ್ಟೋರಿನಿಂದ ರೆಡಿಮೇಡ್ ಕವಚ ಬರೂದು ಐತೆಲ್ಲ, ಅದರ ಕಡೆ ನಮ್ಮ ಕತ್ರಿ ನಡಿಯೂದಿಲ್ರಿ.”

2018ರಲ್ಲಿ, ರಾಜ್ಯದ ಮೊದಲ ಮಹಿಳಾ ಡಿಜಿ–ಐಜಿಪಿ ನೀಲಮಣಿ ಎನ್. ರಾಜು ಅವರು, ಕರ್ತವ್ಯದ ಹೊತ್ತಿನಲ್ಲಿ ಮಹಿಳಾ ಪೊಲೀಸರು ಸೀರೆಯ ಬದಲು ಪ್ಯಾಂಟು–ಅಂಗಿ ತೊಡಬೇಕೆಂದು ಆದೇಶಿಸಿದರು. ಓಡುವುದಕ್ಕೆ, ಜೀಪು ಹತ್ತುವುದಕ್ಕೆ, ಗುಂಪು ಚದುರಿಸುವುದಕ್ಕೆ ಸೀರೆ ತೊಡಕು ಎಂಬ ಕಾರಣ ಎಲ್ಲರಿಗೂ ತಿಳಿಯುವಂಥದ್ದೇ. ಆದರೆ ಆ ಆದೇಶದ ಜೊತೆ ಇನ್ನೊಂದು ಪ್ರಶ್ನೆ ಸದ್ದಿಲ್ಲದೆ ಇಲಾಖೆಯೊಳಗೆ ಬಂತು. ಸೀರೆಗೆ ಸೈಜಿಲ್ಲ. ತೆಳ್ಳಗಿನವರು ಎರಡು ನಿರಿಗೆ ಹೆಚ್ಚು ಹಿಡಿಯುತ್ತಾರೆ, ದಪ್ಪಗಿನವರು ಒಂದು ಕಡಿಮೆ; ಬಸುರಿಯಾದರೂ ಬಾಣಂತಿಯಾದರೂ ಅದೇ ಬಟ್ಟೆ. ಉಗ್ರಾಣದವನು ಎಣಿಸಿ ಹಂಚಿದರೆ ಮುಗಿಯಿತು, ಯಾರ ಮೈ ಎಷ್ಟೆಂದು ಕೇಳುವ ಗರಜಿಲ್ಲ. ಹೊಲಿದ ಬಟ್ಟೆ ಹಾಗಲ್ಲ. ಅದರಲ್ಲೂ ಏಟು, ಬೆಂಕಿ, ನೀರು, ಸೋಂಕು ತಡೆಯಬೇಕಾದ ಬಟ್ಟೆಗೆ ಅಳತೆಯೇ ಜೀವ.

ಬಾಗಲಕೋಟೆಯ ಹೋಳಿ ಹುಣ್ಣಿಮೆಯ ಬಣ್ಣದ ಬಂಡಿಗಳ ಗದ್ದಲ ಕಂಡವರಿಗೆ ಬಂದೋಬಸ್ತ್ ಎಂದರೇನೆಂದು ಹೇಳಬೇಕಾಗಿಲ್ಲ. ಅಂಥ ಕೆಲಸಕ್ಕೆ ಹೋಗಿಬಂದ ಮಹಿಳಾ ಕಾನ್‌ಸ್ಟೆಬಲ್ ಒಬ್ಬರು ಆ ದರ್ಜಿ ಅಂಗಡಿಯಲ್ಲೇ ಸಿಕ್ಕರು. ಗಲಾಟೆ ತಡೆಯುವ ರಕ್ಷಾಕವಚ ತೊಟ್ಟರೆ ಹೇಗಿರುತ್ತದೆಂದು ಕೈಯಲ್ಲೇ ಅಭಿನಯಿಸಿ ತೋರಿಸಿದರು. ಎದೆಯ ಹಲಗೆ ಚಪ್ಪಟೆ ಎದೆಗೆಂದು ಮಾಡಿದ್ದು. ಇವರು ತೊಟ್ಟರೆ ಮೇಲೆ ಒತ್ತುತ್ತದೆ, ಕೆಳಗೆ ಹೊಟ್ಟೆಯ ಬಳಿ ಬಾಯಿ ಬಿಡುತ್ತದೆ. ಭುಜದ ತುಂಡು ತೋಳಿಗೆ ಇಳಿಯುತ್ತದೆ. ಮೊಣಕಾಲಿನ ಕೆಳಗಿರಬೇಕಾದ ಗಾರ್ಡು ಮೊಣಕಾಲು ದಾಟುವುದರಿಂದ ಕಾಲು ಮಡಚಲು ಬಾರದು. ಇನ್ನು ಹೆಲ್ಮೆಟ್. ತುರುಬು ಕಟ್ಟಿದ ತಲೆಗೆ ಅದು ಹಿಂದೆ ಕೂರುವುದಿಲ್ಲ, ಮುಂದೆ ಜಾರಿ ಹುಬ್ಬಿನ ಮೇಲೆ ಬರುತ್ತದೆ. ತುರುಬು ಬಿಚ್ಚಿ ಹೆರಳು ಹಾಕಿದರೆ ಬುರುಡೆ ಒಳಗೇ ತಿರುಗುತ್ತದೆ.

“ಗದ್ಲ ಆದ್ರ ಓಡಬೇಕ್ರಿ ಮೇಡಂ. ಒಂದ ಕೈಯಾಗ ಲಾಠಿ, ಇನ್ನೊಂದ ಕೈಯಾಗ ಹೆಲ್ಮೆಟ್ ಹಿಡಕೊಂಡು ಓಡೂದು ಹ್ಯಾಂಗ್ರಿ? ಕೇಳಿದ್ರ, ಇದ್ದದ್ರಾಗ ಸಣ್ಣದು ಕೊಟ್ಟೀವಿ ಅಂತಾರ.”

ಇದ್ದದ್ದರಲ್ಲಿ ಸಣ್ಣದು! ಬಾಗಲಕೋಟೆಯಿಂದ ಹೊರಟು ಇಳಕಲ್ಲು ಮುಟ್ಟುವವರೆಗೂ ಈ ಮಾತನ್ನು ಕೇಳುತ್ತ ಹೋದೆ. ವಿಚಿತ್ರವೆಂದರೆ, ನೇಮಕಾತಿಯ ದಿನ ಸರ್ಕಾರ ಬಲು ಕಟ್ಟುನಿಟ್ಟಾಗಿ ಅಳತೆ ಹಿಡಿಯುತ್ತದೆ. ಸಿವಿಲ್ ಕಾನ್‌ಸ್ಟೆಬಲ್ ಆಗಲು ಗಂಡಸಿಗೆ ಕನಿಷ್ಠ 168 ಸೆಂಟಿಮೀಟರ್ ಎತ್ತರ, ಹೆಂಗಸಿಗೆ 157. ಹನ್ನೊಂದು ಸೆಂಟಿಮೀಟರ್ ವ್ಯತ್ಯಾಸವನ್ನು ತಾನೇ ಒಪ್ಪಿಕೊಂಡು ಬರೆದಿಟ್ಟ ಸರ್ಕಾರಕ್ಕೆ, ಕವಚ ಕೊಳ್ಳುವ ಹೊತ್ತಿಗೆ ಆ ಕಾಗದ ಕಾಣುವುದಿಲ್ಲ.

ಬಾದಾಮಿಗೆ ಗುಳೇದಗುಡ್ಡದ ಮೇಲೆ ಹೋದೆ. ಖಣದ ಊರು. ಕುಬಸಕ್ಕೆಂದೇ ಅಗಲ ನೋಡಿ ನೇಯ್ದ ಬಟ್ಟೆ ಇಲ್ಲಿ ಮಡಿಕೆ ಮಡಿಕೆಯಾಗಿ ಅಂಗಡಿಯಲ್ಲಿ ಕೂತಿರುತ್ತದೆ. ತೋಳು ಒಂದು ಬೆರಳು ಬಿಗಿಯಾದರೂ ದರ್ಜಿಯ ಮುಂದೆ ಒಗೆದು ಬರುವ ಹೆಣ್ಣುಮಕ್ಕಳ ಸೀಮೆ ಇದು. ಇದೇ ಹೆಣ್ಣುಮಕ್ಕಳು ಕೆಲಸದ ಕವಚದ ವಿಷಯ ಬಂದಾಗ ಕೊಟ್ಟದ್ದನ್ನು ತೊಟ್ಟುಕೊಳ್ಳುತ್ತಾರೆ, ಯಾಕೆಂದರೆ ಅದು ಅವರದ್ದಲ್ಲ, ಸ್ಟೋರಿನದ್ದು.

ಬಾದಾಮಿಯಲ್ಲಿ ಗುಹೆ ನೋಡುವವರ ಸಾಲು ಬಿಟ್ಟು ಊರೊಳಗೆ ಹೋದೆ. ಆಶಾ ಕಾರ್ಯಕರ್ತೆಯೊಬ್ಬರು ಗುಲಾಬಿ ಸೀರೆಯ ಸೆರಗು ಸಿಕ್ಕಿಸಿಕೊಂಡು ಮನೆ ಮನೆ ತಿರುಗುತ್ತಿದ್ದರು. ಮಾತು ತಾನಾಗಿ 2020ಕ್ಕೆ ಹೋಯಿತು. ಆ ಮೇ ತಿಂಗಳಲ್ಲಿ ಇದೇ ತಾಲ್ಲೂಕಿನ ಢಾಣಕಶಿರೂರಿನಲ್ಲಿ ಒಬ್ಬ ಗರ್ಭಿಣಿಗೆ ಕೊರೊನಾ ಕಾಣಿಸಿ, ಊರೇ ಬೇಲಿಯೊಳಗಾಗಿತ್ತು. ಆಗ ಆಸ್ಪತ್ರೆಗಳಲ್ಲಿ ಪಿಪಿಇ ಕಿಟ್ಟಿನೊಳಗೆ ದುಡಿದ ನರ್ಸ್ ಅಕ್ಕಂದಿರ ಅನುಭವ ಬೇರೆಯೇ. ತಲೆಯಿಂದ ಹಿಮ್ಮಡಿಯವರೆಗೆ ಒಂದೇ ತುಂಡು, ಮುಂದೆ ಒಂದು ಜಿಪ್ಪು. ಉದ್ದ ಹೆಚ್ಚಾಗಿ ಕಾಲಡಿ ಸಿಕ್ಕುತ್ತಿತ್ತು; ಟೇಪು ಸುತ್ತಿ ಮಡಚುತ್ತಿದ್ದರು. ಕಾಲ್ಮಡಿಗೆ ಹೋಗಬೇಕೆಂದರೆ ಪೂರಾ ಕಳಚಬೇಕು, ಕಳಚಿದರೆ ಆ ಕಿಟ್ಟು ಹೋಯಿತು. ಹಾಗಾಗಿ ಪಾಳಿಗೆ ಮುಂಚೆ ನೀರು ಕುಡಿಯುವುದನ್ನೇ ಬಿಟ್ಟವರಿದ್ದರು. ಮುಟ್ಟಿನ ದಿನಗಳ ಮಾತು ಕೇಳಲೇ ಬೇಡಿ. ಎನ್–95 ಮಾಸ್ಕೂ ಸಣ್ಣ ಮುಖಕ್ಕೆ ಅಂಚು ಕೂರದೆ ಕೆನ್ನೆಯ ಬದಿ ಸಂದು ಬಿಟ್ಟರೆ, ಸೋಸದ ಗಾಳಿ ಆ ಸಂದಿನಿಂದಲೇ ಒಳಗೆ ಹೋಗುತ್ತದೆ. ಆಗ ಮಾಸ್ಕು ಇದ್ದೂ ಇಲ್ಲದ ಹಾಗೆ.

ಊರ ಹೊರಗೆ ಮಲಪ್ರಭೆ. 2019ರ ಆಗಸ್ಟಿನಲ್ಲಿ ನವಿಲುತೀರ್ಥ ಅಣೆಕಟ್ಟಿನಿಂದ ಬಿಟ್ಟ ನೀರು ಬಾದಾಮಿ, ಹುನಗುಂದ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಗಳಿಗೆ ನುಗ್ಗಿ, ಪಟ್ಟದಕಲ್ಲಿನ ಗುಡಿಗಳೂ ನೀರಲ್ಲಿ ನಿಂತಿದ್ದವು. ಅಂಥ ಹೊತ್ತಿನಲ್ಲಿ ದೋಣಿಯಲ್ಲಿ ಕೂರುವವರಿಗೆ ಲೈಫ್ ಜಾಕೆಟ್ ಕೊಡುತ್ತಾರೆ. ಅದು ದೊಡ್ಡದಾದರೇನಂತೆ, ತೇಲುತ್ತದಲ್ಲ ಅನ್ನಿಸಬಹುದು. ಸೊಂಟದ ಪಟ್ಟಿ ಬಿಗಿಯಾಗದ ಜಾಕೆಟ್ಟು ನೀರಿಗೆ ಬಿದ್ದೊಡನೆ ತಾನು ಮೇಲೇರುತ್ತದೆ, ತೊಟ್ಟವರು ಕೆಳಗುಳಿಯುತ್ತಾರೆ. ಗದ್ದಕ್ಕೆ, ಕಿವಿಗೆ ಏರಿ ಮುಖವನ್ನೇ ಮುಚ್ಚುತ್ತದೆ. ಎದೆಸುತ್ತು ಮತ್ತು ತೂಕ ನೋಡಿ ಜಾಕೆಟ್ ಕೊಡಬೇಕೆಂಬ ನಿಯಮ ಸುಮ್ಮನೆ ಬಂದದ್ದಲ್ಲ. ಇನ್ನು ನೆನೆದ ಸೀರೆಯುಟ್ಟು ನೀರಲ್ಲಿ ಕೈಕಾಲು ಬಡಿಯುವುದು ಎಷ್ಟು ಕಷ್ಟವೆಂದು ಹೊಳೆದಂಡೆಯ ಯಾವ ಹೆಣ್ಣುಮಗಳೂ ಹೇಳಬಲ್ಲಳು. 2004ರ ಸುನಾಮಿಯಲ್ಲಿ ತಮಿಳುನಾಡಿನ ಕಡಲೂರಿನಲ್ಲಿ ಸತ್ತ ಗಂಡಸರು 146, ಹೆಂಗಸರು 391 ಎಂದು ಆಕ್ಸ್‌ಫಾಮ್ ಲೆಕ್ಕ ಕೊಟ್ಟಿತ್ತು. ಈಜು ಬಾರದ್ದು, ಕಂಕುಳಲ್ಲಿ ಮಗುವಿದ್ದದ್ದು, ದಂಡೆಯಲ್ಲೇ ಇದ್ದದ್ದು, ಹೀಗೆ ಕಾರಣ ಹಲವು, ಉಡುಗೆಯೂ ಅದರಲ್ಲೊಂದು.

ಪಟ್ಟದಕಲ್ಲಿನ ಮೇಲೆ ಹಾದುಹೋಗುವಾಗ ಅಕ್ಕಾದೇವಿ ನೆನಪಾಗದಿರುವುದು ಕಷ್ಟ. ಹನ್ನೊಂದನೆಯ ಶತಮಾನದಲ್ಲಿ ಈ ಕಿಸುಕಾಡು ಸೀಮೆಯನ್ನು ಆಳಿದ ಚಾಲುಕ್ಯರ ಮನೆಮಗಳು. ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದವಳು. ಯುದ್ಧದಲ್ಲಿ ಭೈರವಿಯಂಥವಳೆಂದು ಶಾಸನ ಹೊಗಳಿದವಳು. ಅವಳಿಗೆ ಕವಚ ಮಾಡಿದ್ದರೆ ಅವಳ ಅಳತೆ ಹಿಡಿದೇ ಮಾಡಿರಬೇಕು. “ಇದ್ದದ್ದರಲ್ಲಿ ಸಣ್ಣದು” ಎಂದು ಎದುರು ನಿಂತು ಹೇಳುವ ಧೈರ್ಯ ಯಾವ ಉಗ್ರಾಣಿಗಿದ್ದೀತು!

ಐಹೊಳೆ ದಾಟಿ ಅಮೀನಗಡದ ಕಡೆ ತಿರುಗಿದರೆ ಎರೆಹೊಲ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ವಸ್ತ್ರ ಸುತ್ತಿಕೊಂಡ ಹೆಂಗಸರ ಸಾಲು. ಬಿಸಿಲು, ರವದಿಯ ಗರಗಸದಂಚು, ಮುಳ್ಳು, ಹುಳ, ಎಲ್ಲದಕ್ಕೂ ಅದೊಂದೇ ತಡೆ. ಯಾರದವ್ವಾ ಅಂಗಿ ಎಂದರೆ ನಕ್ಕರು. “ಮನಿಯವರು ಉಟ್ಟು ಬಿಟ್ಟದ್ದು. ಮತ್ತೇನ್ ಯವ್ವಾ, ನಮಗಂತ ಹೊಸಾದು ಯಾರ ಹೊಲಸ್ತಾರ?” ತೋಳು ಮುಂಗೈ ದಾಟುತ್ತದೆ, ಮಡಚಿದ್ದಾರೆ, ಭುಜ ಜೋಲುತ್ತದೆ, ಹಾಗೇ ಬಿಟ್ಟಿದ್ದಾರೆ. ಕುಡುಗೋಲಿನ ಕೆಲಸಕ್ಕೆ ಅಷ್ಟು ಸಾಕಾದೀತು. ಆದರೆ ಇಲಾಖೆಗಳೂ ಇದೇ ಪದ್ಧತಿ ಹಿಡಿದಿವೆ ಅನ್ನಿಸಿತು: ಗಂಡಸಿಗೆಂದು ಮಾಡಿಸಿದ್ದು, ಹೆಂಗಸಿಗೆ ಮಡಚಿಕೊಳ್ಳಲು ಕೊಡುವುದು.

ಹುನಗುಂದಕ್ಕೆ ಬಂದರೆ ಚಿತ್ರದುರ್ಗ–ವಿಜಯಪುರದ ರಾಷ್ಟ್ರೀಯ ಹೆದ್ದಾರಿ 50ರ ಸದ್ದು. ಹಗಲು ರಾತ್ರಿ ಗ್ರಾನೈಟ್ ಹೊತ್ತ ಲಾರಿಗಳು. ಅಪಘಾತವಾದರೆ ಇಲ್ಲಿಗೆ ಬರುವುದು 2008ರ ನವೆಂಬರ್ 1ರಂದು ರಾಜ್ಯದಲ್ಲಿ ಶುರುವಾದ 108 ಆಂಬುಲೆನ್ಸ್; ಅದರ ನರ್ಸ್‌ಗಳಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ರಾತ್ರಿ ಹೆದ್ದಾರಿಯಲ್ಲಿ ಇಳಿದು ಕೆಲಸ ಮಾಡುವವರಿಗೆ ಹೊಳೆಯುವ ಜಾಕೆಟ್ಟೇ ಮೊದಲ ರಕ್ಷಣೆ. ಅದು ಜೋಲಿದರೆ ಬೆಳಕಿನ ಪಟ್ಟಿ ಮಡಿಕೆಯಲ್ಲಿ ಮುಚ್ಚಿ ಹೋಗುತ್ತದೆ, ಬಗ್ಗಿದಾಗ ಗಾಯಾಳುವಿನ ಮೇಲೇ ಬೀಳುತ್ತದೆ, ಬಾಗಿಲಿನ ಹಿಡಿಕೆಗೆ ಸಿಕ್ಕುತ್ತದೆ. ದೊಡ್ಡ ಗ್ಲೌಸಿನಲ್ಲಿ ಬೆರಳ ತುದಿ ಸಡಿಲವಾಗಿ ನರ ಹುಡುಕಲಾಗದು. “ಸಾಮಾನು ಎಲ್ಲಾ ಐತ್ರಿ, ನಂದಂತ ಒಂದೂ ಇಲ್ರಿ,” ಅಂದರು ಒಬ್ಬರು.

ಬೂಟಿನದು ಇನ್ನೊಂದು ಕತೆ. ಗಂಡಸರ ಅಚ್ಚಿನ ಬೂಟನ್ನೇ ಚಿಕ್ಕದು ಮಾಡಿ ಕೊಟ್ಟರೆ ಹೆಣ್ಣಿನ ಪಾದಕ್ಕೆ ಸರಿಹೋಗುವುದಿಲ್ಲ. ಹಿಮ್ಮಡಿ, ಮುಂಗಾಲುಗಳ ಅಗಲದ ಲೆಕ್ಕವೇ ಬೇರೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021–22ರಲ್ಲಿ ದೇಶದ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು, ‘ಭಾ’ ಎಂಬ ನಮ್ಮದೇ ಸೈಜಿನ ಪಟ್ಟಿ ಮುಂದಿಟ್ಟಿತು. ಅಲ್ಲಿಯವರೆಗೆ ನಾವು ಬ್ರಿಟಿಷರ ಪಾದದ ಲೆಕ್ಕದಲ್ಲೇ ನಡೆದದ್ದು. ಬಟ್ಟೆಗೂ ಅಂಥದೇ ಕೆಲಸವನ್ನು ನಿಫ್ಟ್ ‘ಇಂಡಿಯಾಸೈಜ್’ ಹೆಸರಲ್ಲಿ ಕೈಗೆತ್ತಿಕೊಂಡಿದೆ.

ದಾರಿಯಲ್ಲಿ ಅಗ್ನಿಶಾಮಕ ಠಾಣೆಯೊಂದರ ಅಂಗಳದಲ್ಲಿ ಬೆಂಕಿ ಕೋಟನ್ನು ಕೈಯಲ್ಲಿ ಹಿಡಿದು ನೋಡಿದೆ. ಭಾರ, ದಪ್ಪ, ಮೂರು ಪದರ: ಹೊರಗೆ ಉರಿ ತಡೆಯುವ ಬಟ್ಟೆ, ನಡುವೆ ನೀರು ಒಳಬಿಡದ ಪೊರೆ, ಒಳಗೆ ಶಾಖ ತಡೆಯುವ ಅಸ್ತರಿ. ನಿಜವಾಗಿ ಕಾಯುವುದು ಈ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ. ಸೊಂಟದ ಕೆಳಗೆ, ಭುಜದಲ್ಲಿ ಬಿಗಿಯಾದರೆ ಆ ಗಾಳಿ ಹಿಂಡಿಹೋಗಿ ಶಾಖ ನೇರ ಚರ್ಮಕ್ಕೆ ಇಳಿಯುತ್ತದೆ. ಸಡಿಲವಾದರೆ ಕೊರಳು, ಮುಂಗೈ, ನಡುವಿನಿಂದ ಬಿಸಿಗಾಳಿ ಹೊಕ್ಕು ಒಳಗೇ ಸುಳಿಯುತ್ತದೆ. ಸಣ್ಣ ಎನ್ನಿ, ದೊಡ್ಡ ಎನ್ನಿ, ಎರಡರಲ್ಲೂ ಸುಡುವುದೇ. ಹೆಣ್ಣಿನ ಮೈಯಲ್ಲಿ ಭುಜಕ್ಕೆ ಸರಿಯಾದದ್ದು ಸೊಂಟಕ್ಕೆ ಬಿಗಿ, ಸೊಂಟಕ್ಕೆ ಸರಿಯಾದದ್ದು ಭುಜಕ್ಕೆ ಸಡಿಲ. ಹಾಗಾಗಿ ಗಂಡಸರ ಕೋಟಿನಲ್ಲಿ ಒಂದು ಸೈಜು ಕೆಳಗೆ ಹೋದರೆ ತಪ್ಪು ಒಂದು ಕಡೆಯಿಂದ ಇನ್ನೊಂದು ಕಡೆಗೆ ಜರುಗುತ್ತದೆ, ಅಷ್ಟೇ. ದರ್ಜಿ ಇದನ್ನು ಹಿಡಿಯುವಂತಿಲ್ಲ. ಒಂದು ಸೂಜಿ ಚುಚ್ಚಿದರೂ ನಡುವಿನ ಪೊರೆಗೆ ತೂತು. ಪರೀಕ್ಷೆ ಪಾಸಾದ ಮುದ್ರೆಗೆ ಮತ್ತೆ ಅರ್ಥವಿಲ್ಲ.

ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಕಾಲೇಜಿಗೆ 2002ರಲ್ಲಿ ಹರ್ಷಿಣಿ ಕಾನ್ಹೇಕರ್ ಮೊದಲ ವಿದ್ಯಾರ್ಥಿನಿಯಾಗಿ ಸೇರಿದರು. ನಮ್ಮ ರಾಜ್ಯದ ಅಗ್ನಿಶಾಮಕ ಇಲಾಖೆಯ ಮೇಲಿನ ಕುರ್ಚಿಯಲ್ಲಿ ಜೀಜಾ ಹರಿಸಿಂಗ್ ಅವರಂಥ ಐಪಿಎಸ್ ಅಧಿಕಾರಿ ಕೂತದ್ದೂ ಉಂಟು. ಕುರ್ಚಿಗೆ ಸೈಜಿನ ತಕರಾರಿಲ್ಲ. ತಕರಾರು ಕೊಳವೆ ಹಿಡಿದು ಒಳಗೆ ನುಗ್ಗುವವಳ ಕೋಟಿನದು.

ಇದು ನಮ್ಮ ಬಡತನದ ಮಾತೂ ಅಲ್ಲ. 1997ರಲ್ಲಿ ಲಂಡನ್ನಿನಲ್ಲಿ ಮಹಿಳಾ ಪೊಲೀಸೊಬ್ಬರು ಬಾಗಿಲು ಒಡೆಯುವ ಯಂತ್ರ ಬಳಸಲು ಕವಚ ಅಡ್ಡಿಯಾಗುತ್ತದೆಂದು ಕಳಚಿಟ್ಟು ಒಳಗೆ ಹೋಗಿ, ಇರಿತಕ್ಕೆ ಬಲಿಯಾದರು. ಇಪ್ಪತ್ತು ವರ್ಷದ ಮೇಲೆ, 2017ರಲ್ಲಿ, ಬ್ರಿಟನ್ನಿನ ಕಾರ್ಮಿಕ ಸಂಘಗಳ ಒಕ್ಕೂಟ ವಿಚಾರಿಸಿದಾಗ, ರಕ್ಷಣಾ ಉಡುಪಿನಿಂದ ಕೆಲಸಕ್ಕೆ ಎಂದೂ ಅಡ್ಡಿಯಾಗಿಲ್ಲ ಎಂದ ತುರ್ತುಸೇವೆಯ ಮಹಿಳೆಯರು ನೂರಕ್ಕೆ ಐವರು ಮಾತ್ರ. ನಮ್ಮಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆಯ ಹೆಣ್ಣುಮಕ್ಕಳಿಗೆ ಅವರ ಮೈಗೇ ಹೊಂದುವ ಗಲಭೆ ಕವಚವನ್ನು ಡಿಆರ್‌ಡಿಒದ ದೆಹಲಿ ಪ್ರಯೋಗಾಲಯ ರೂಪಿಸಿದೆ. ಅಂದರೆ ಮಾಡಲು ಬರುತ್ತದೆ. ಅದು ಜಿಲ್ಲೆಯ ಸ್ಟೋರಿಗೆ ಬರಬೇಕಾದರೆ ಟೆಂಡರಿನ ಕಾಗದದಲ್ಲಿ ಹೆಣ್ಣುಮಕ್ಕಳ ಅಳತೆಯ ಒಂದು ಕಾಲಂ ಬೇಕು. ದಶಕಗಳ ಅಗಲ ಟೋಪಿಯನ್ನು ಬಿಟ್ಟು 2025ರ ಅಕ್ಟೋಬರಿನಲ್ಲಿ ರಾಜ್ಯದ ಕಾನ್‌ಸ್ಟೆಬಲ್‌ಗಳ ತಲೆಗೆ ನೀಲಿ ಪೀಕ್ ಕ್ಯಾಪ್ ಬಂತಲ್ಲ. ಮನಸ್ಸು ಮಾಡಿದರೆ ಕಾಗದ ಬದಲಾಗುತ್ತದೆ.

ಇಳಕಲ್ಲಿನಲ್ಲಿ ಕುಣಿಮಗ್ಗದ ಸದ್ದು ಈಗ ಓಣಿ ಹುಡುಕಿ ಕೇಳಬೇಕು. ಹದಿನಾರು ಮೊಳ ಉಡುವ ಮುದುಕಿಗೊಂದು, ಆರು ಗಜ ಸಾಕೆನ್ನುವ ಸೊಸೆಗೊಂದು, ಕಚ್ಚೆ ಹಾಕುವವರಿಗೆ ಒಂಬತ್ತು ಗಜದ್ದೊಂದು, ಹೀಗೆ ಉಡುವವರನ್ನು ಕೇಳಿ ಹಾಸು ಹೂಡುವ ಊರು. ಸೆರಗಿನ ಎಳೆಗೆ ಒಡಲಿನ ಎಳೆ ಕೊಂಡಿ ಹಾಕಿ ಜೋಡಿಸುವ ಕೆಲಸ ಮಾತ್ರ ಇಲ್ಲಿನ ಮನೆಯ ಹೆಂಗಸರದೇ ಹೆಚ್ಚು.

ಪೇಟೆಯ ದರ್ಜಿಯೊಬ್ಬರ ಬಳಿ ಹೊಳೆಯುವ ಜಾಕೆಟ್ ಹಿಡಿದು ಗೃಹರಕ್ಷಕಿಯೊಬ್ಬರು ಬಂದಿದ್ದರು. ಜಾತ್ರೆಯ ಬಂದೋಬಸ್ತಿಗೆ ಹೋಗಬೇಕು, ಪಕ್ಕ ಎರಡೂ ಕಡೆ ಹಿಡಿದುಕೊಡಬೇಕು. ದರ್ಜಿ ಸುಣ್ಣದ ಬಳಪದಲ್ಲಿ ಗೆರೆ ಎಳೆದು, ಹೆಚ್ಚಿನ ಬಟ್ಟೆ ಕತ್ತರಿಸಿಬಿಡಲೇ ಎಂದರು.

“ಅಯ್ಯ, ಕತ್ತರಸಬ್ಯಾಡ್ರಿ ಅಣ್ಣಾರ,” ಎಂದು ಆಕೆ ಜಾಕೆಟ್ಟನ್ನೇ ಹಿಂದಕ್ಕೆ ಎಳೆದುಕೊಂಡರು. “ಕಚ್ಚಾ ಹೊಲಿಗಿ ಹಾಕ್ರಿ. ಜಾತ್ರಿ ಮುಗದ ಮ್ಯಾಲೆ ಬಿಚ್ಚಿ, ಹೆಂಗಿತ್ತೋ ಹಂಗ ಸ್ಟೋರಿಗೆ ಜಮಾ ಮಾಡಬೇಕ್ರಿ.”