ಗುರಿಯ ಬಂದೂಕಿಗೆ ನಳಿಗೆ ಎಷ್ಟಿರಬೇಕು?

ಮಾಘಮಾಸದಲ್ಲಿ ರಾಯಬಾಗ ತಾಲೂಕಿನ ಚಿಂಚಲಿಗೆ ಮಾಯಕ್ಕದೇವಿಯ ಜಾತ್ರೆಗೆ ಹೋದವರು, ದೇವಿಯ ದರ್ಶನವನ್ನು ತೀರಿಸಿಕೊಂಡು, ಹಣೆಗೆ ಭಂಡಾರವನ್ನು ಹಚ್ಚಿಕೊಂಡು ಹೊರಬಂದ ಮೇಲೆ, ಮಕ್ಕಳ ಹಟಕ್ಕಾಗಿ ಆಟದ ಅಂಗಡಿಗಳ ಕಡೆಗೆ ತಿರುಗಲೇಬೇಕಾಗುವದು. ನಮ್ಮ ಕಡೆಯ ಜಾತ್ರೆಗಳಲ್ಲಿ ಹಲಗೆಗೆ ಬಣ್ಣಬಣ್ಣದ ಫುಗ್ಗೆಗಳನ್ನು ಕಟ್ಟಿ, ಗಾಳಿಬಂದೂಕನ್ನು ಮುಂದಿಟ್ಟುಕೊಂಡು ಕುಳಿತವನೊಬ್ಬನು ಇದ್ದೇ ಇರುವನು. ಹತ್ತು ಸಲ ಹೊಡೆದು ಎರಡು ಫುಗ್ಗೆ ಒಡೆದರೆ ಹುಡುಗನ ಪಾಲಿಗೆ ಜಾತ್ರೆಯು ಸಾರ್ಥಕವಾಯಿತು. ಮೂರು ದಿನ ಮನೆಯಲ್ಲಿ ಅದೇ ಮಾತು. ನಾಲ್ಕನೆಯ ದಿನ ಮರೆತುಹೋಗುವದು. ಆದರೆ ಕೆಲವು ಮಕ್ಕಳು ಮರೆಯುವದಿಲ್ಲ. ಅಂಥವರ ತಂದೆತಾಯಿಗಳ ಸಲುವಾಗಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿರುವೆವು.

ನಿಪ್ಪಾಣಿಯ ಕಡೆಯ ಗೃಹಸ್ಥರೊಬ್ಬರು ನಮಗೆ ಪರಿಚಿತರು. ೨೦೨೪ನೆಯ ಆಗಸ್ಟ್ ೧ರಂದು, ಪ್ಯಾರಿಸ್ ಒಲಿಂಪಿಕ್ಸಿನ ೫೦ ಮೀಟರ್ ರೈಫಲ್ ಪಂದ್ಯದಲ್ಲಿ ಸ್ವಪ್ನಿಲ್ ಕುಸಾಳೆಯವರು ೪೫೧.೪ ಅಂಕಗಳನ್ನು ಪಡೆದು ಕಂಚಿನ ಪದಕವನ್ನು ಗೆದ್ದರಷ್ಟೆ. ಅವರ ಊರು ಕೊಲ್ಹಾಪುರ ಜಿಲ್ಲೆಯ ರಾಧಾನಗರಿ ತಾಲೂಕಿನ ಕಾಂಬಳವಾಡಿ. ನಮ್ಮ ಗಡಿಯಾಚೆಯ ನೆರೆಹಳ್ಳಿಯೇ ಸರಿ. ಅಂದಿನಿಂದ ಈ ಗೃಹಸ್ಥರ ಹದಿನಾಲ್ಕು ವರ್ಷದ ಮಗಳಿಗೆ ಗುರಿಯ ವಿದ್ಯೆಯ ಗೀಳು ಹಿಡಿಯಿತು. ತೀರಿಕೊಂಡ ಅಜ್ಜನ .೩೧೫ ರೈಫಲೊಂದು ಪೋಲೀಸ ಠಾಣೆಯಲ್ಲಿ ಜಮೆಯಾಗಿದ್ದಿತು. "ಅದನ್ನ ಬಿಡಿಸಿಕೊಂಡು ಬರೂಣು, ಹುಡುಗಿ ಕಲಿತಾಳ, ಕಬ್ಬಿಗೆ ಬರೋ ಹಂದಿನೂ ಹೆದರ್ತಾವ," ಎಂದು ಹುಡುಗಿಯ ಕಾಕಾ ಹೇಳಿದರು. ತಂದೆಗೆ ಅನುಮಾನ, ತಾಯಿಗೆ ಭಯ. ಯಾವ ಬಂದೂಕು ಯೋಗ್ಯವೆಂದು ಅವರು ನಮ್ಮನ್ನು ಕೇಳಿದರು. ಉತ್ತರವು ಬಂದೂಕಿನ ಅಂದದಲ್ಲಿಲ್ಲ, ನಳಿಗೆಯ ಅಳತೆಯಲ್ಲಿದೆ.

ನಳಿಗೆಯ ಒಳವ್ಯಾಸಕ್ಕೆ ಕ್ಯಾಲಿಬರ್ ಅಥವಾ ಬೋರು ಎನ್ನುವರು. .೨೨ ಎಂದರೆ ಒಂದು ಇಂಚಿನ ನೂರು ಪಾಲುಗಳಲ್ಲಿ ಇಪ್ಪತ್ತೆರಡು, ಸುಮಾರು ೫.೬ ಮಿಲಿಮೀಟರು. .೧೭೭ ಎಂದರೆ ೪.೫ ಮಿಲಿಮೀಟರು; .೩೧೫ ಎಂದರೆ ೮ ಮಿಲಿಮೀಟರು. ಚರೆ ಹಾರಿಸುವ ಹನ್ನೆರಡು ಬೋರಿನ ಬಂದೂಕಿನ ಲೆಕ್ಕವೇ ಬೇರೆ: ಒಂದು ಪೌಂಡು ಸೀಸದಿಂದ ಸಮನಾದ ಹನ್ನೆರಡು ಗುಂಡುಗಳನ್ನು ಎರಕ ಹೊಯ್ದರೆ, ಅವುಗಳಲ್ಲಿ ಒಂದು ಹಿಡಿಯುವಷ್ಟು ಅಗಲ ಆ ನಳಿಗೆಯದು. ಆದಕಾರಣ ಅಲ್ಲಿ ಸಂಖ್ಯೆಯು ಹೆಚ್ಚಿದಷ್ಟೂ ನಳಿಗೆಯು ಕಿರಿದಾಗುವದು.

ಈಗ ತೂಕವನ್ನು ನೋಡೋಣ. ಗಾಳಿಬಂದೂಕಿನ ೪.೫ ಮಿಲಿಮೀಟರಿನ ಸೀಸದ ಪೆಲೆಟ್ಟು ಸುಮಾರು ಅರ್ಧ ಗ್ರಾಮು ತೂಗುವದು. .೨೨ರ ಗುಂಡು ೨.೬ ಗ್ರಾಮು; .೩೧೫ರದು ೧೫.೮ ಗ್ರಾಮು. ಒಂದಕ್ಕಿಂತ ಮತ್ತೊಂದು ಐದಾರು ಪಟ್ಟು ಭಾರ. ವೇಗವನ್ನೂ ಸೇರಿಸಿ ಲೆಕ್ಕ ಹಾಕಿದರೆ, ಪಂದ್ಯದ ಗಾಳಿಬಂದೂಕಿನ ಶಕ್ತಿಯು ಎಂಟು ಜೌಲಿನ ಆಸುಪಾಸು, .೨೨ರದು ನೂರನಾಲ್ವತ್ತರ ಆಸುಪಾಸು, .೩೧೫ರದು ಎರಡು ಸಾವಿರಕ್ಕೂ ಮೀರಿದ್ದು. ಗುಂಡು ಮುಂದಕ್ಕೆ ಹೋಗುವ ರಭಸಕ್ಕೆ ತಕ್ಕಂತೆ ಬಂದೂಕು ಹಿಂದಕ್ಕೆ ಒದೆಯುವದು. ಆ ಒದೆತವನ್ನು ತಾಳಿಕೊಳ್ಳಬೇಕಾದುದು ಹೆಗಲು, ಸದ್ದನ್ನು ತಾಳಿಕೊಳ್ಳಬೇಕಾದುದು ಕಿವಿ.

ಕಲಿಯುವವರಿಗೆ ಇಲ್ಲಿಯೇ ಕೇಡು ಅಡಗಿರುವದು. ಎರಡು ಸಲ ಹೆಗಲಿಗೆ ಪೆಟ್ಟು ಬಿದ್ದರೆ, ಮೂರನೆಯ ಸಲ ಬೆರಳು ಟ್ರಿಗರನ್ನು ಒತ್ತುವ ಮೊದಲೇ ದೇಹವು ತನಗೆ ತಿಳಿಯದಂತೆಯೇ ಬೆಚ್ಚುವದು, ಕಣ್ಣು ಮುಚ್ಚುವದು, ಹೆಗಲು ಸರಿಯುವದು. ಗುಂಡು ಎತ್ತಲೋ ಹೋಗುವದು. ಈ ಬೆಚ್ಚುವ ರೂಢಿಯು ಒಮ್ಮೆ ಅಂಟಿತೆಂದರೆ ಬಿಡಿಸುವದು ಬಲು ಕಷ್ಟ. ಗುರಿಯ ವಿದ್ಯೆಯೆಂದರೆ ಉಸಿರನ್ನು ಹಿಡಿದು, ನೋಟವನ್ನು ನಿಲ್ಲಿಸಿ, ಬೆರಳನ್ನು ಮೆಲ್ಲಗೆ ಒತ್ತುವ ಕ್ರಿಯೆಯನ್ನು ಸಾವಿರಾರು ಸಲ ಒಂದೇ ತೆರನಾಗಿ ಮಾಡುವದು. ಆದದರಿಂದ ಹೆದರಿಕೆಯಿಲ್ಲದೆ, ದಣಿವಿಲ್ಲದೆ, ಹೆಚ್ಚಿನ ವೆಚ್ಚವಿಲ್ಲದೆ ಎಷ್ಟು ಸಲ ಹೊಡೆಯಬಹುದು ಎಂಬುದೇ ನಳಿಗೆಯನ್ನು ಆರಿಸುವ ಒರೆಗಲ್ಲು.

ಈ ಪಾಠವನ್ನು ಪಶ್ಚಿಮದ ದೇಶಗಳೂ ನಿಧಾನವಾಗಿಯೇ ಕಲಿತವು. ೧೮೭೧ರಲ್ಲಿ ಬ್ರಿಟಿಷ್ ಸೈನ್ಯವು ಸ್ವೀಕರಿಸಿದ ಮಾರ್ಟಿನಿ-ಹೆನ್ರಿ ಎಂಬ ಒಂಟಿ ಗುಂಡಿನ ರೈಫಲು ಸುಮಾರು ೩೧ ಗ್ರಾಮಿನ ಗುಂಡನ್ನು ಹಾರಿಸುತ್ತಿದ್ದಿತು. ಅದರ ಒದೆತಕ್ಕೆ ಸಿಪಾಯಿಗಳೇ ಅಂಜುತ್ತಿದ್ದರು. ಅಮೇರಿಕೆಯಲ್ಲಿ ೧೮೮೭ರಲ್ಲಿ .೨೨ ಲಾಂಗ್ ರೈಫಲ್ ಎಂಬ ಪುಟ್ಟ ಕಾಡತೂಸು ಹುಟ್ಟಿತು. ದಕ್ಷಿಣ ಆಫ್ರಿಕೆಯ ಬೋಅರ್ ಯುದ್ಧದಲ್ಲಿ ತಮ್ಮವರ ಗುರಿಯ ದೌರ್ಬಲ್ಯವನ್ನು ಕಂಡ ಇಂಗ್ಲಂಡದವರು, ೧೯೦೧ರಿಂದ ಈಚೆಗೆ ಕಿರುನಳಿಗೆಯ ರೈಫಲ್ ಸಂಘಗಳನ್ನು ಊರೂರಲ್ಲಿ ಕಟ್ಟಿದರು. ಅಲ್ಲಿ ಮಾರ್ಟಿನಿಯ ಅದೇ ಹಳೆಯ ಯಂತ್ರಕ್ಕೆ .೨೨ರ ನಳಿಗೆಯನ್ನು ಕೂಡಿಸಿದ ಬಂದೂಕುಗಳು ಬಹುಕಾಲ ಮೆರೆದವು. ಯಂತ್ರವು ಅದೇ; ಕಿರಿದಾದದ್ದು ನಳಿಗೆ ಮಾತ್ರ.

ಒಂಟಿ ಗುಂಡಿನ ಬಂದೂಕೇ ಏಕೆ ಬೇಕೆಂದು ಕೇಳುವವರುಂಟು. ಪ್ರತಿ ಹೊಡೆತಕ್ಕೂ ಕೈಯಿಂದಲೇ ಗುಂಡನ್ನು ಇಡಬೇಕಾದಾಗ ಮನಸ್ಸು ತಾನಾಗಿಯೇ ನಿಧಾನಿಸುವದು. ನಳಿಗೆಯಲ್ಲಿ ಗುಂಡು ಇದೆಯೋ ಇಲ್ಲವೋ ಎಂಬ ಸಂಶಯಕ್ಕೂ ಎಡೆ ಕಡಿಮೆ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿಯೂ ೧೦ ಮೀಟರು ಮತ್ತು ೫೦ ಮೀಟರಿನ ರೈಫಲುಗಳು ಒಂದೊಂದೇ ಗುಂಡು ತುಂಬುವಂಥವಾಗಿರಬೇಕೆಂಬ ಕಟ್ಟಳೆಯಿದೆ. ನಳಿಗೆಯೂ ಗೊತ್ತುಮಾಡಿದ್ದೇ: ೧೦ ಮೀಟರಿಗೆ ೪.೫, ೫೦ ಮೀಟರಿಗೆ ೫.೬ ಮಿಲಿಮೀಟರು. ೩೦೦ ಮೀಟರಿನ ಪಂದ್ಯದಲ್ಲಿ ಮಾತ್ರ ೮ ಮಿಲಿಮೀಟರಿನ ವರೆಗೆ ಹೋಗಬಹುದು.

ಹಾಗಾದರೆ ಮೊದಲ ಮೆಟ್ಟಿಲು ೪.೫ ಮಿಲಿಮೀಟರಿನ ಗಾಳಿಬಂದೂಕು. ಇದರಲ್ಲಿ ಮದ್ದಿಲ್ಲ, ಒತ್ತಿದ ಗಾಳಿಯೇ ಪೆಲೆಟ್ಟನ್ನು ನೂಕುವದು. ಪೆಲೆಟ್ಟಿನ ತಲೆಯು ಚಪ್ಪಟೆ. ಕಾಗದದಲ್ಲಿ ದುಂಡನೆಯ ಸ್ವಚ್ಛ ರಂಧ್ರವನ್ನು ಕತ್ತರಿಸುವದು. ಹತ್ತು ಮೀಟರಿನ ಗುರಿಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರು ಮಾತ್ರವೆಂದ ಮೇಲೆ ಇದನ್ನು ಮಕ್ಕಳಾಟಿಕೆಯೆಂದು ಯಾರೂ ಹಳಿಯಬಾರದು. ೨೦೦೮ರಲ್ಲಿ ಬೀಜಿಂಗಿನಲ್ಲಿ ಅಭಿನವ ಬಿಂದ್ರಾ ಅವರು ಭಾರತಕ್ಕೆ ಸ್ವರ್ಣಪದಕವನ್ನು ತಂದದ್ದು ಈ ನಳಿಗೆಯಿಂದಲೇ. ೨೦೧೬ರ ಶಸ್ತ್ರನಿಯಮಗಳ ಪ್ರಕಾರ, ನಳಿಗೆಯು .೧೭೭ನ್ನೂ ಶಕ್ತಿಯು ೨೦ ಜೌಲನ್ನೂ ಮೀರದಿದ್ದರೆ ಬಂದೂಕಿನ ಪರವಾನಿಗೆಯ ತೊಡಕಿಲ್ಲ. ಆದರೂ ಇದು ಆಟಿಗೆಯಲ್ಲ. ಕಣ್ಣಿಗೆ ತಗುಲಿದರೆ ಕಣ್ಣು ಹೋದಂತೆಯೇ. ಗುರಿಯ ಹಿಂದೆ ಪೆಲೆಟ್ಟನ್ನು ಹಿಡಿಯುವ ಉಕ್ಕಿನ ಪೆಟ್ಟಿಗೆ ಬೇಕು, ಹತ್ತಿರ ದೊಡ್ಡವರೊಬ್ಬರು ಇರಬೇಕು. ಸೀಸವು ವಿಷವಾದುದರಿಂದ ಅಭ್ಯಾಸ ಮುಗಿದೊಡನೆ ಸಾಬೂನಿನಿಂದ ಕೈ ತೊಳೆಯದೆ ಊಟಕ್ಕೆ ಕೂಡ್ರಗೊಡಬಾರದೆಂದು ತಾಯಂದಿರಿಗೆ ನಮ್ಮ ವಿಶೇಷ ಸೂಚನೆ.

ಅಥಣಿಯ ಚಪ್ಪಲಿಯ ಕುಶಲಿಗನು ಪಾದವನ್ನು ನೋಡದೆ ಅಟ್ಟೆಯನ್ನು ಕತ್ತರಿಸುವನೇ? ಬಂದೂಕೂ ಹಾಗೆಯೇ ಮೈಗೆ ಒಪ್ಪಬೇಕು. ಪಂದ್ಯದ ಗಾಳಿಬಂದೂಕಿನ ತೂಕವು ೫.೫ ಕಿಲೋಗ್ರಾಮಿನ ವರೆಗೆ ಇರಬಹುದು. ಎಳೆಯ ಬೆನ್ನಿಗೆ ಅದು ಹೊರೆಯೇ. ಹಿಡಿಯು ಕೆನ್ನೆಗೂ ಹೆಗಲಿಗೂ ಸರಿಯಾಗಿ ಕೂಡ್ರುವದೋ ಎಂದು ಶಿಕ್ಷಕರ ಮುಂದೆ ಪರೀಕ್ಷಿಸದೆ ಹಣವನ್ನು ಎಣಿಸಿಕೊಡಬಾರದು.

ಎರಡನೆಯ ಮೆಟ್ಟಿಲು .೨೨. ಇದು ಮದ್ದಿನ ಬಂದೂಕು. ಜಿಲ್ಲಾ ದಂಡಾಧಿಕಾರಿಗಳ ಪರವಾನಿಗೆ ಬೇಕು. ಇಪ್ಪತ್ತೊಂದು ವರ್ಷ ತುಂಬದವರಿಗೆ ಪರವಾನಿಗೆಯು ದೊರೆಯಲಾರದು. ಎಳೆಯರು ನಿಯಮಕ್ಕೆ ಒಳಪಟ್ಟು, ಬಲ್ಲವರ ಕಣ್ಣೆದುರಿಗೆ ಅಭ್ಯಾಸವನ್ನಷ್ಟೇ ಮಾಡಬಹುದು. ಪಂದ್ಯದ .೨೨ ಗುಂಡು ಬೇಕೆಂದೇ ಶಬ್ದದ ವೇಗಕ್ಕಿಂತ ತುಸು ಕಡಿಮೆ ವೇಗದಲ್ಲಿ, ಸೆಕೆಂಡಿಗೆ ಸುಮಾರು ೩೩೦ ಮೀಟರಿನಂತೆ ಹೋಗುವದು. ಶಬ್ದವನ್ನು ಮೀರಿಸಿ ಹೊರಟ ಗುಂಡು ದಾರಿಯಲ್ಲಿ ನಿಧಾನವಾಗುತ್ತ ಶಬ್ದದ ವೇಗಕ್ಕೆ ಇಳಿಯುವಾಗ ಗಾಳಿಯ ಹೊಡೆತಕ್ಕೆ ಸಿಕ್ಕಿ ತುಸು ಓಲಾಡುವದು. ವೇಗವು ಹೆಚ್ಚಿದ್ದರೆ ಗುರಿಯೂ ಹೆಚ್ಚೆಂಬುದು ಇಲ್ಲಿ ಸುಳ್ಳು. ಮತ್ತೊಂದು ವಿಚಿತ್ರವೆಂದರೆ, ಒಂದೇ ಕಂಪನಿಯ ಕಾಡತೂಸುಗಳಲ್ಲಿಯೂ ಒಂದು ತಂಡವು ಒಂದು ನಳಿಗೆಗೆ ಒಗ್ಗುವದು, ಇನ್ನೊಂದು ಒಗ್ಗದು. ಆದುದರಿಂದ ಬಲ್ಲ ಗುರಿಕಾರರು ಹಲವು ತಂಡಗಳನ್ನು ಹೊಡೆದು ನೋಡಿ, ರಂಧ್ರಗಳು ಒತ್ತೊತ್ತಾಗಿ ಬಿದ್ದ ತಂಡವನ್ನೇ ಕೊಳ್ಳುವರು. ಕೊಲ್ಹಾಪುರದ ತೇಜಸ್ವಿನಿ ಸಾವಂತರು ೨೦೧೦ರಲ್ಲಿ ಮ್ಯೂನಿಕ್ಕಿನಲ್ಲಿ ೬೦೦ಕ್ಕೆ ೫೯೭ ಅಂಕಗಳನ್ನು ಪಡೆದು ಜಗಜ್ಜೇತೆಯಾದದ್ದೂ, ಕುಸಾಳೆಯವರು ಪದಕ ಗೆದ್ದದ್ದೂ ಇದೇ ೫.೬ ಮಿಲಿಮೀಟರಿನಿಂದ.

ಆದರೆ .೨೨ರ ಗುಂಡು ಸುಮಾರು ಒಂದೂವರೆ ಕಿಲೋಮೀಟರಿನ ವರೆಗೆ ಹೋಗಬಲ್ಲದು. ಕೃಷ್ಣೆಯ ದಂಡೆಗುಂಟ ಚಿಕ್ಕೋಡಿಯಿಂದ ಕಾಗವಾಡದ ವರೆಗಿನ ಬಯಲಿನಲ್ಲಿ, ಆಳೆತ್ತರದ ಕಬ್ಬಿನ ಆಚೆ ಯಾರು ಕಳೆ ಕೀಳುತ್ತಿರುವರೋ, ಯಾರ ದನ ಮೇಯುತ್ತಿರುವದೋ ಕಾಣಲಾರದು. ಹೊಲದಲ್ಲಿ ಡಬ್ಬಿಯಿಟ್ಟು ಹೊಡೆಯುವ ಚಟಕ್ಕೆ ಈ ಸೀಮೆಯು ತಕ್ಕುದಲ್ಲ. ಮಣ್ಣಿನ ದಿಬ್ಬವೋ ಗೋಡೆಯೋ ಇರುವ ಅಭ್ಯಾಸದ ಅಂಗಳವೇ ಇದರ ಸ್ಥಾನ. ಅಲ್ಲಿಯೂ ಕಿವಿಗೆ ಮುಚ್ಚಿಗೆ ಬೇಕು.

ಇನ್ನು ಅಜ್ಜನ .೩೧೫. ಸೈನ್ಯದ .೩೦೩ರ ಗುಂಡು ಇದಕ್ಕೆ ಸಲ್ಲದು. ಸೈನ್ಯದ ನಳಿಗೆಗಳು ಸಾರ್ವಜನಿಕರಿಗೆ ನಿಷಿದ್ಧವಾದ್ದರಿಂದ ಈ ನಳಿಗೆಯ ರೈಫಲುಗಳು ಈಶಾಪುರದ ಸರಕಾರಿ ಕಾರ್ಖಾನೆಯಲ್ಲಿ ತಯಾರಾದವು. ಆತ್ಮರಕ್ಷಣೆಗೂ ಬೆಳೆಯ ಕಾವಲಿಗೂ ಜನರು ಅದಕ್ಕೆ ಪರವಾನಿಗೆ ಪಡೆದಿರುವರು. ಆದರೆ ಹದಿನಾಲ್ಕರ ಹುಡುಗಿಗೆ ಅದು ಗುರುವಲ್ಲ, ಶತ್ರು. ಮೇಲಾಗಿ ಪರವಾನಿಗೆಯು ವ್ಯಕ್ತಿಯದು, ಮನೆತನದ್ದಲ್ಲ. ಯಜಮಾನರು ತೀರಿಕೊಂಡರೆ ಬಂದೂಕನ್ನು ತಡಮಾಡದೆ ಠಾಣೆಯಲ್ಲಿ ಅಥವಾ ಪರವಾನಿಗೆಯುಳ್ಳ ವ್ಯಾಪಾರಿಯಲ್ಲಿ ಜಮೆ ಮಾಡಬೇಕು. ವಾರಸುದಾರನು ತನ್ನ ಹೆಸರಿನಿಂದಲೇ ಹೊಸದಾಗಿ ಪರವಾನಿಗೆಯನ್ನು ಪಡೆಯಬೇಕು. ಕಪಾಟಿನಲ್ಲಿ ಬಚ್ಚಿಡುವದು ಅಪರಾಧ.

ಗುರಿಯಿಡುವ ವಿದ್ಯೆಯು ನಮ್ಮ ಕನ್ನಡನಾಡಿಗೆ ಹೊಸದಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಪೂಜಿಸಿ, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವನ್ನು ಆಡುವರು. ತಲೆಮಾರುಗಳಿಂದ ಕೋವಿಯೊಡನೆ ಬಾಳಿದವರಿಗೆ ಅದರ ಶಿಸ್ತು ಮನೆಯಲ್ಲಿಯೇ ದೊರೆಯುವದು. ನಮ್ಮ ಕಡೆಯ ಮನೆಗಳಲ್ಲಿ ಆ ಶಿಸ್ತನ್ನು ಹೊರಗಿನ ಶಿಕ್ಷಕರಿಂದ ಕಲಿಯಬೇಕು.

ನಾವು ಇಷ್ಟನ್ನೆಲ್ಲ ಹೇಳಿದ ಮೇಲೆ ಆ ಗೃಹಸ್ಥರು ಮಗಳನ್ನು ನಾಲ್ವತ್ತು ಕಿಲೋಮೀಟರು ದೂರದ ಕೊಲ್ಹಾಪುರಕ್ಕೆ ಕರೆದೊಯ್ದು, ಅಭ್ಯಾಸದ ಅಂಗಳದಲ್ಲಿದ್ದ ಗಾಳಿಬಂದೂಕಿನಿಂದಲೇ ಮೊದಲ ಪಾಠವನ್ನು ಹಾಕಿಸಿದರು. ತಿಂಗಳೊಪ್ಪತ್ತಿನ ಮೇಲೆ ಹುಡುಗಿಯು ತನ್ನ ಗುರಿಯ ಕಾಗದವನ್ನು ತಂದು ಕಾಕಾನ ಮುಂದೆ ಹಿಡಿದಳು. ಹತ್ತು ರಂಧ್ರಗಳಲ್ಲಿ ಏಳು ಒಂದು ರೂಪಾಯಿ ನಾಣ್ಯದ ಕೆಳಗೆ ಮರೆಯಾಗುವಷ್ಟು ಒತ್ತಾಗಿದ್ದವು. ಅವರು ಕನ್ನಡಕವನ್ನು ಏರಿಸಿ ಬಹಳ ಹೊತ್ತು ನೋಡಿ, ಅಜ್ಜನ ರೈಫಲಿನ ಮಾತನ್ನು ಮತ್ತೆ ಎತ್ತಲಿಲ್ಲವಂತೆ. ಆ ಕಾಗದವು ಈಗ ಅವರ ದೇವರಮನೆಯ ಗೋಡೆಯ ಮೇಲೆ ಅಜ್ಜನ ಭಾವಚಿತ್ರದ ಪಕ್ಕದಲ್ಲಿರುವದೆಂದು ನಾವು ಕೇಳಿರುವೆವು.